ಕಣ್ಣಿಗಲ್ಲ, ಮೂಗಿಗೆ ಹಿಡಿಸುವಂತೆ ಮನೆ ಕ್ಲೀನ್ ಮಾಡುವುದು ಹೇಗೆ: ಧೂಳು ಮತ್ತು ಅಲರ್ಜಿ ಕಡಿಮೆ ಮಾಡುವ ಸಮಗ್ರ ಮಾರ್ಗದರ್ಶಿ

ಮನೆಯನ್ನೆಲ್ಲ ತಲೆಕೆಳಗು ಮಾಡಿ ತಿಕ್ಕಿ ತೊಳೆದ ಮಾರನೇ ದಿನವೇ ಜಾಸ್ತಿ ಸೀನು ಬರುತ್ತದೆ ಅನ್ನುವವರು ಸುಮಾರು ಜನ ಇದ್ದಾರೆ. ಅದು ಭ್ರಮೆ ಅಲ್ಲ. ಒಣ ಪೊರಕೆಯಲ್ಲಿ ಗುಡಿಸಿ, ಒಣ ಬಟ್ಟೆಯಲ್ಲಿ ಟಿವಿ ಮೇಲಿನ ಧೂಳು ಝಾಡಿಸಿ, ಬೆಡ್‌ಶೀಟನ್ನು ಮಂಚದ ಪಕ್ಕ ನಿಂತು ಪಟಪಟ ಕೊಡವಿದರೆ ಮನೆ ಫಳಫಳ ಅನ್ನುತ್ತದೆ ನಿಜ, ಆದರೆ ಅಲ್ಲಿದ್ದ ಧೂಳು ಮನೆ ಬಿಟ್ಟು ಹೋಗಿರುವುದಿಲ್ಲ. ಸ್ವಲ್ಪ ಹೊತ್ತು ಗಾಳಿಯಲ್ಲಿ ಓಡಾಡಿ ಮತ್ತೆ ದಿಂಬಿನ ಮೇಲೆ ಬಂದು ಕೂತಿರುತ್ತದೆ.

ಹಾಗಾಗಿ ಇಲ್ಲಿ ಹೇಳುವ ಕ್ಲೀನಿಂಗ್ ಸ್ವಲ್ಪ ಬೇರೆ ಥರ. ಧೂಳನ್ನು ಎಬ್ಬಿಸದೆ ಹಿಡಿಯಬೇಕು, ಹಿಡಿದದ್ದನ್ನು ಮನೆಯಿಂದ ಆಚೆ ಹಾಕಬೇಕು. ಪೂರ್ತಿ ಮನೆಗೆ ಸಮಯವೋ ಶಕ್ತಿಯೋ ಇಲ್ಲ ಅಂದರೆ ಮಲಗುವ ಕೋಣೆ ಒಂದನ್ನೇ ನೆಟ್ಟಗೆ ಮಾಡಿ. ಇಡೀ ಮನೆಗೆ ಅರ್ಧಂಬರ್ಧ ಕೆಲಸ ಮಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಮೊದಲು, ಸೀನು ಬರಿಸುತ್ತಿರುವುದು ಯಾವುದು?

ಧೂಳು ಅನ್ನುವುದು ಒಂದೇ ವಸ್ತು ಅಲ್ಲ. ಹೊರಗಿನಿಂದ ಕಾಲಲ್ಲಿ ಬಂದ ಮಣ್ಣು, ಬಟ್ಟೆಯ ನೂಲು, ಕೂದಲು, ಚರ್ಮದ ಹೊಟ್ಟು, ಅಡುಗೆಯ ಹೊಗೆಯ ಮಸಿ, ಪರಾಗ, ಬೂಷ್ಟಿನ ಕಣ, ಹುಳಗಳ ಹಿಕ್ಕೆ, ಎಲ್ಲ ಕಲಸಿಕೊಂಡಿರುತ್ತದೆ. ಇದರಲ್ಲಿ ಬರೀ ಮಣ್ಣಿಗೆ ಅಲರ್ಜಿ ಇರುವವರು ಇಲ್ಲ ಅಂತಲೇ ಹೇಳಬಹುದು. ಮಣ್ಣು ಮೂಗಿಗೆ ಕಿರಿಕಿರಿ ಮಾಡುತ್ತದೆ ಅಷ್ಟೆ. ಅಲರ್ಜಿ ತರುವುದು ಜೀವಿಗಳಿಂದ ಬಂದ ಪ್ರೋಟೀನು.

ಅದರಲ್ಲಿ ದೊಡ್ಡ ಪಾಲು ಡಸ್ಟ್ ಮೈಟ್ ಅನ್ನುವ ಧೂಳಿನ ನುಸಿಯದ್ದು. ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದ, ಬರಿಗಣ್ಣಿಗೆ ಕಾಣುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ನಮ್ಮ ಮೈಯಿಂದ ಉದುರುವ ಹೊಟ್ಟು ತಿಂದುಕೊಂಡು ಹಾಸಿಗೆ, ದಿಂಬು, ಸೋಫಾದೊಳಗೆ ಆರಾಮಾಗಿರುತ್ತದೆ. ತೊಂದರೆ ಇರುವುದು ಅದರ ಹಿಕ್ಕೆಯಲ್ಲಿ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ, ಒಂದು ಹಾಸಿಗೆಯಲ್ಲಿ ಎಷ್ಟು ಸಾವಿರ ನುಸಿ ಇರಬಹುದು ಅಂತ ಲೆಕ್ಕ ಹಾಕಿಕೊಳ್ಳಿ. ಮನೆಧೂಳಿನ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣ ಅಂತ 1960ರ ದಶಕದಲ್ಲಿ ತೋರಿಸಿಕೊಟ್ಟವರು ನೆದರ್‌ಲೆಂಡ್ಸ್‌ನ ಲೈಡನ್ ನಗರದ ಸಂಶೋಧಕರಾದ ವೂರ್‌ಹಾರ್ಸ್ಟ್ ಮತ್ತು ಸ್ಪೀಕ್ಸ್‌ಮಾ. ಅಲ್ಲಿಯವರೆಗೆ ನಿಮ್ಮ ಮೈಗೆ ಧೂಳೇ ಆಗುವುದಿಲ್ಲ ಅಂತ ಹೇಳಿ ಸುಮ್ಮನಾಗುತ್ತಿದ್ದರು.

ಈ ನುಸಿ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ಅದೇ ಅದರ ದೌರ್ಬಲ್ಯ ಕೂಡ. ಮನೆಯೊಳಗಿನ ತೇವಾಂಶ 50 ಪರ್ಸೆಂಟ್‌ಗಿಂತ ಕೆಳಗೆ ಇದ್ದರೆ ಅದಕ್ಕೆ ಬದುಕುವುದು ಕಷ್ಟ. ಮುಂದೆ ಈ ಮಾತು ಮತ್ತೆ ಬರುತ್ತದೆ.

ಉಳಿದವರು ಯಾರು ಅಂದರೆ ಬೆಕ್ಕು ಮತ್ತು ನಾಯಿಯ ಎಂಜಲು, ಚರ್ಮದ ಹೊಟ್ಟು (ಕೂದಲಲ್ಲ, ಕೂದಲು ಬರೀ ಸಾಗಿಸುವ ಗಾಡಿ), ಜಿರಲೆಯ ಹಿಕ್ಕೆ ಮತ್ತು ಕಳಚಿದ ಚಿಪ್ಪು, ಗೋಡೆಯ ಬೂಷ್ಟು, ಕಿಟಕಿಯಿಂದ ಬರುವ ಪರಾಗ. ನಿಮ್ಮ ಮನೆಯಲ್ಲಿ ಯಾವುದು ಅಂತ ಸ್ವಲ್ಪ ಗಮನಿಸಿದರೆ ಸುಳಿವು ಸಿಗುತ್ತದೆ. ಬೆಳಿಗ್ಗೆ ಏಳುವಾಗಲೇ ಮೂಗು ಕಟ್ಟಿ, ಎದ್ದು ಓಡಾಡಿದ ಮೇಲೆ ಸರಿಹೋಗುತ್ತದೆ ಅಂದರೆ ಹಾಸಿಗೆ ಮೇಲೆ ಅನುಮಾನ ಪಡಿ. ಗಿಡಮರ ಹೂ ಬಿಡುವ ಕಾಲದಲ್ಲಿ ಮಾತ್ರ ಕಣ್ಣು ತುರಿಸುತ್ತದೆ ಅಂದರೆ ಪರಾಗ. ಒದ್ದೆ ಗೋಡೆಯ ಕೋಣೆಗೆ ಹೋದಾಗ ಮಾತ್ರ ಉಬ್ಬಸ ಅಂದರೆ ಬೂಷ್ಟು ಇರಬಹುದು.

ಕೆಲಸ ಶುರು ಮಾಡುವ ಮುಂಚೆ

ಅಲರ್ಜಿ ಇರುವವರು ಕೈಲಾದಷ್ಟು ಈ ಕೆಲಸದಿಂದ ದೂರ ಇರಲಿ, ಬೇರೆಯವರು ಮಾಡಲಿ. ಬೇರೆ ಯಾರೂ ಇಲ್ಲ ಅಂದರೆ ಎನ್‌95 ಮಾಸ್ಕ್ ಹಾಕಿಕೊಳ್ಳಿ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲುವುದಿಲ್ಲ, ಪಕ್ಕದ ಸಂದಿಯಿಂದ ಎಲ್ಲ ಒಳಗೆ ಹೋಗುತ್ತದೆ. ಕೆಲಸಕ್ಕೆ ಹಾಕಿಕೊಂಡ ಬಟ್ಟೆಯನ್ನು ಮುಗಿದ ತಕ್ಷಣ ನೇರ ಒಗೆಯಲು ಹಾಕಿ, ತಲೆಗೆ ಸ್ನಾನ ಮಾಡಿ. ಆ ಬಟ್ಟೆಯಲ್ಲೇ ಹೋಗಿ ಮಂಚದ ಮೇಲೆ ಉಸ್ಸಪ್ಪಾ ಅಂತ ಬಿದ್ದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದಷ್ಟು ಮೈಕ್ರೋಫೈಬರ್ ಬಟ್ಟೆ, ಎರಡು ಬಕೆಟ್, ಸಾಧಾರಣ ಸೋಪಿನ ಪುಡಿ ಅಥವಾ ಲಿಕ್ವಿಡ್, ಹಳೇ ಹಲ್ಲುಜ್ಜುವ ಬ್ರಷ್, ಮಾಪ್, ಹಳೇ ದಿಂಬಿನ ಕವರ್ ಒಂದು, ದೊಡ್ಡ ಕಸದ ಚೀಲಗಳು, ಒಂದು ಟಾರ್ಚ್. ಗರಿಯ ಡಸ್ಟರ್ ಇದ್ದರೆ ಅದನ್ನು ಒಳಗೆ ಇಡಿ, ಅದು ಧೂಳು ಹಂಚುವ ಯಂತ್ರ.

ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಸಾಮಾನ್ಯ ವ್ಯಾಕ್ಯೂಮ್ ದೊಡ್ಡ ಕಸವನ್ನು ಎಳೆದುಕೊಂಡು, ಸಣ್ಣ ಕಣವನ್ನು ಹಿಂದಿನಿಂದ ವಾಪಸ್ ಕೋಣೆಗೆ ಊದುತ್ತದೆ. ಅದಕ್ಕೇ ಹೆಪಾ ಫಿಲ್ಟರ್ ಇರುವುದು ಬೇಕು. ಹೆಪಾ ಅಂದರೆ 0.3 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಗಾತ್ರದ ಕಣದಲ್ಲಿ 99.97 ಪರ್ಸೆಂಟ್ ಹಿಡಿಯುವ ಫಿಲ್ಟರ್. ಯುರೋಪಿನ ಎಚ್13 ದರ್ಜೆಗೆ 99.95. ಡಬ್ಬದ ಮೇಲೆ ‘ಹೆಪಾ ಟೈಪ್’, ‘ಹೆಪಾ ಲೈಕ್’ ಅಂತ ಬರೆದಿದ್ದರೆ ಅದು ಹೆಪಾ ಅಲ್ಲ, ಹೆಪಾದ ಹೆಸರು ಹೇಳಿಕೊಂಡು ಮಾರುವ ಬೇರೆ ಸರಕು. ಅಂದಹಾಗೆ ಈ ಫಿಲ್ಟರ್ ಹುಟ್ಟಿದ್ದು ಮನೆ ಧೂಳಿಗಲ್ಲ, 1940ರ ದಶಕದಲ್ಲಿ ಅಣುಬಾಂಬ್ ತಯಾರಿಯ ಸಮಯದಲ್ಲಿ ವಿಕಿರಣದ ಕಣ ಹಿಡಿಯುವುದಕ್ಕೆ. ಫಿಲ್ಟರ್ ಎಷ್ಟೇ ಒಳ್ಳೆಯದಿದ್ದರೂ ಮುಚ್ಚಳದ ಸಂದಿಯಲ್ಲಿ ಗಾಳಿ ಸೋರಿದರೆ ಪ್ರಯೋಜನವಿಲ್ಲ. ಚೀಲ ಇರುವ ಮಾಡೆಲ್ ಆದರೆ ಚೀಲ ಸಮೇತ ಎಸೆಯಬಹುದು. ಡಬ್ಬ ಇರುವುದಾದರೆ ಅದನ್ನು ಮನೆ ಹೊರಗೆ, ಕಸದ ಚೀಲದ ಒಳಗೇ ಬಗ್ಗಿಸಿ ಖಾಲಿ ಮಾಡಿ.

ವ್ಯಾಕ್ಯೂಮ್ ಇಲ್ಲವಾ? ತಲೆ ಕೆಡಿಸಿಕೊಳ್ಳಬೇಡಿ. ಒದ್ದೆ ಬಟ್ಟೆ, ಒದ್ದೆ ಮಾಪ್‌ನಲ್ಲೇ ಮುಕ್ಕಾಲು ಕೆಲಸ ಆಗುತ್ತದೆ. ಗಟ್ಟಿ ನೆಲದ ಮನೆಯಲ್ಲಂತೂ ಅದೇ ಸಾಕು.

ಹಂತ 1: ಸಾಮಾನು ಕಡಿಮೆ ಮಾಡಿ

ಧೂಳು ಒರೆಸುವುದಕ್ಕಿಂತ ಧೂಳು ಕೂರುವ ಜಾಗವನ್ನೇ ಕಡಿಮೆ ಮಾಡುವುದು ಸುಲಭ. ಮಲಗುವ ಕೋಣೆಯಿಂದ ಶುರು ಮಾಡಿ. ಮಂಚದ ಕೆಳಗೆ ತುರುಕಿದ ಸೂಟ್‌ಕೇಸು, ಬೀರು ಮೇಲಿನ ರಟ್ಟಿನ ಡಬ್ಬ, ಕುರ್ಚಿ ಮೇಲೆ ಬೆಟ್ಟವಾದ ಬಟ್ಟೆ, ಓದದ ಹಳೇ ಪತ್ರಿಕೆ, ಬಾಗಿಲ ಹಿಂದೆ ನೇತಾಡುವ ಬ್ಯಾಗು, ಇವನ್ನೆಲ್ಲ ಆ ಕೋಣೆಯಿಂದ ಆಚೆ ತನ್ನಿ. ಬೇಕಾದದ್ದನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ರಟ್ಟಿನ ಡಬ್ಬ ಬೇಡ, ಅದು ತೇವ ಹೀರುತ್ತದೆ, ಜಿರಲೆಗೂ ಬಲು ಇಷ್ಟ. ಪುಸ್ತಕಗಳನ್ನು ಗಾಜಿನ ಬಾಗಿಲಿನ ಕಪಾಟಿಗೆ ಸಾಗಿಸಿ, ಇಲ್ಲವೇ ಬೇರೆ ಕೋಣೆಗೆ.

ಬಿಸಾಡುವುದೋ ಇಟ್ಟುಕೊಳ್ಳುವುದೋ ಅಂತ ಒಂದೊಂದು ವಸ್ತು ಹಿಡಿದು ಯೋಚಿಸುತ್ತ ಕೂತರೆ ದಿನ ಮುಗಿಯುತ್ತದೆ. ಈಗ ಕೋಣೆ ಖಾಲಿ ಮಾಡಿ, ತೀರ್ಮಾನ ಆಮೇಲೆ.

ಹಂತ 2: ಹಾಸಿಗೆ, ದಿಂಬು

ಇಲ್ಲಿ ಜಾಸ್ತಿ ಸಮಯ ಕೊಡಿ. ದಿನದ ಮೂರನೇ ಒಂದು ಭಾಗ ಮುಖ ಇಟ್ಟುಕೊಂಡಿರುವ ಜಾಗ ಇದು.

ಬೆಡ್‌ಶೀಟ್ ತೆಗೆಯುವಾಗ ಕೊಡವಬೇಡಿ. ನಾಲ್ಕು ಮೂಲೆಯಿಂದ ಒಳಕ್ಕೆ ಮಡಚುತ್ತ ಬಂದು, ಗಂಟು ಥರ ಮಾಡಿ ನೇರ ವಾಷಿಂಗ್ ಮಷೀನಿಗೆ ಹಾಕಿ. ಬೆಡ್‌ಶೀಟ್, ದಿಂಬಿನ ಕವರ್, ಹೊದಿಕೆ ಎಲ್ಲವನ್ನೂ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ. ಸುಮಾರು 55 ಡಿಗ್ರಿ ದಾಟಿದರೆ ನುಸಿ ಸಾಯುತ್ತದೆ. ತಣ್ಣೀರಿನಲ್ಲಿ ಒಗೆದರೆ ನುಸಿ ಸಾಯುವುದಿಲ್ಲ, ಆದರೆ ಹಿಕ್ಕೆಯ ಹೆಚ್ಚಿನ ಭಾಗ ತೊಳೆದು ಹೋಗುತ್ತದೆ, ಹಾಗಾಗಿ ಬಿಸಿನೀರಿಗೆ ತಡೆಯದ ಬಟ್ಟೆಯನ್ನು ತಣ್ಣೀರಿನಲ್ಲಾದರೂ ಒಗೆಯಿರಿ, ಒಗೆಯದೆ ಬಿಡಬೇಡಿ. ದಿಂಬಿನ ಮೇಲಿನ ಚೀಟಿ ನೋಡಿ, ಒಗೆಯಬಹುದು ಅಂತ ಇದ್ದರೆ ದಿಂಬನ್ನೂ ಹಾಕಿ. ಆದರೆ ದಿಂಬು ಒಳಗಿನ ತನಕ ಒಣಗಬೇಕು. ಹೊರಗೆ ಒಣಗಿದಂತಿದ್ದು ಮಧ್ಯೆ ತಣ್ಣಗೆ ಕೈಗೆ ಸಿಕ್ಕಿದರೆ ಇನ್ನೂ ಒದ್ದೆ ಅಂತ ಅರ್ಥ, ಹಾಗೇ ಕವರ್ ಹಾಕಿದರೆ ಒಳಗೆ ಬೂಷ್ಟು ಬೆಳೆಯುತ್ತದೆ. ವರ್ಷಗಳಿಂದ ಅದೇ ದಿಂಬು, ಒತ್ತಿದರೆ ಹಪ್ಪಳ ಆಗಿದೆ ಅಂದರೆ ಅದಕ್ಕೆ ವಿದಾಯ ಹೇಳಿ.

ಈಗ ಬರೀ ಹಾಸಿಗೆ ಉಳಿಯಿತು. ಟಾರ್ಚನ್ನು ಹಾಸಿಗೆಯ ಮೇಲ್ಮೈಗೆ ಓರೆಯಾಗಿ ಹಿಡಿದು ಅಂಚಿನ ಹೊಲಿಗೆ ನೋಡಿ. ದಪ್ಪ ದಾರದ ಪಟ್ಟಿಯ ಕೆಳಗೆ, ಗುಂಡಿ ಒತ್ತಿದ ಕುಳಿಗಳಲ್ಲಿ ಬೂದಿ ಬಣ್ಣದ ನಯವಾದ ಪುಡಿ, ಅದರೊಳಗೆ ಎರಡು ಮೂರು ಕೂದಲು, ನೂಲಿನ ಎಳೆ ಸುತ್ತಿಕೊಂಡಿರುತ್ತದೆ. ಬೆಡ್‌ಶೀಟ್ ವಾರ ವಾರ ಬದಲಿಸಿದರೂ ಈ ಜಾಗವನ್ನು ಯಾರೂ ಮುಟ್ಟಿರುವುದಿಲ್ಲ. ವ್ಯಾಕ್ಯೂಮಿನ ಚೂಪು ಮೂತಿ ಹಾಕಿ ಹೊಲಿಗೆಯುದ್ದಕ್ಕೂ ನಿಧಾನ ಹೋಗಿ, ಆಮೇಲೆ ಅಗಲ ಬ್ರಷ್ ಹಾಕಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಆತುರ ಬೇಡ, ಬ್ರಷ್ಷನ್ನು ಸರಸರ ಓಡಿಸಿದರೆ ಅದು ಎಳೆಯುವುದು ಕಡಿಮೆ. ಹಾಸಿಗೆ ಮಗುಚಿ ಇನ್ನೊಂದು ಬದಿಗೂ ಇದೇ ಮಾಡಿ. ಮಂಚದ ಹಲಗೆ, ತಲೆಯ ಕಡೆಯ ಬೋರ್ಡು, ಅದರ ಹಿಂದಿನ ಗೋಡೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ.

ಆದರೆ ವ್ಯಾಕ್ಯೂಮ್ ಮಾಡಿದ ಮಾತ್ರಕ್ಕೆ ನುಸಿ ಹೋಯಿತು ಅಂತ ಅಲ್ಲ. ಬದುಕಿರುವ ನುಸಿ ಬಟ್ಟೆಯ ಎಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಒಳಗೆ ಆಳದಲ್ಲೂ ಇರುತ್ತದೆ. ಬಂದಿದ್ದು ಮೇಲಿನ ಹಿಕ್ಕೆ, ಧೂಳು. ಬಿಸಿಲಿಗೆ ಹಾಕಿದರೂ ಇದೇ ಕತೆ ಉಲ್ಟಾ: ಒಣ ಬಿಸಿಲಿನಲ್ಲಿ ಚೆನ್ನಾಗಿ ಕಾದರೆ ಮೇಲ್ಪದರದ ನುಸಿ ಸಾಯುತ್ತದೆ, ಹಿಕ್ಕೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಬಿಸಿಲಿಗೆ ಹಾಕಿದ ಮೇಲೆ ವ್ಯಾಕ್ಯೂಮ್ ಮಾಡಿ, ಬರೀ ಬಿಸಿಲು ಸಾಲದು.

ಕೊನೆಗೆ ಹಾಸಿಗೆಗೂ ದಿಂಬಿಗೂ ಪೂರ್ತಿ ಮುಚ್ಚುವ, ಜಿಪ್ ಇರುವ, ನುಸಿ ತಡೆಯುವ ಕವರ್ ಹಾಕಿ. ಒತ್ತಾಗಿ ನೇಯ್ದ ಬಟ್ಟೆಯದ್ದಾಗಿರಲಿ, ಸಂದಿಗಳು 10 ಮೈಕ್ರಾನ್‌ಗಿಂತ ಕಡಿಮೆ ಇದ್ದರೆ ನುಸಿಯೂ ಅದರ ಹಿಕ್ಕೆಯೂ ಹೊರಬರುವುದಿಲ್ಲ. ಪ್ಲಾಸ್ಟಿಕ್ ಕವರ್ ಕೂಡ ಕೆಲಸ ಮಾಡುತ್ತದೆ, ಆದರೆ ಬೆವರಿ ಬೆವರಿ ನಿದ್ದೆ ಬರುವುದಿಲ್ಲ. ಇದರ ಮೇಲೆ ಮಾಮೂಲಿ ಬೆಡ್‌ಶೀಟ್.

ಕವರ್ ಒಂದು ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳಬಹುದು. ನಂಬಬೇಡಿ. 2003ರಲ್ಲಿ ಬಂದ ಒಂದು ದೊಡ್ಡ ಬ್ರಿಟಿಷ್ ಅಧ್ಯಯನದಲ್ಲಿ, ಅಸ್ತಮಾ ಇರುವ ದೊಡ್ಡವರಿಗೆ ಬರೀ ಕವರ್ ಕೊಟ್ಟು ನೋಡಿದರೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮಾರನೇ ವರ್ಷ, 2004ರಲ್ಲಿ, ಅಮೆರಿಕದ 7 ನಗರಗಳ 937 ಅಸ್ತಮಾ ಮಕ್ಕಳ ಮೇಲೆ ನಡೆದ ಅಧ್ಯಯನ ಬಂತು. ಅಲ್ಲಿ ಕವರ್ ಜೊತೆ ಹೆಪಾ ವ್ಯಾಕ್ಯೂಮ್, ಅಗತ್ಯ ಇದ್ದವರಿಗೆ ಗಾಳಿ ಶುದ್ಧಿ ಯಂತ್ರ, ಜಿರಲೆ ನಿಯಂತ್ರಣ, ಹೀಗೆ ಆಯಾ ಮಗುವಿಗೆ ಯಾವುದು ಅಲರ್ಜಿಯೋ ಅದಕ್ಕೆ ತಕ್ಕ ಹಾಗೆ ಹಲವು ಕೆಲಸ ಒಟ್ಟಿಗೆ ಮಾಡಿದರು. ಮಕ್ಕಳ ಉಬ್ಬಸದ ದಿನಗಳು ನಿಜಕ್ಕೂ ಕಡಿಮೆಯಾದವು. ಒಂದೇ ಕೋಣೆ ಆದರೂ ಎಲ್ಲವನ್ನೂ ಮಾಡಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಮಕ್ಕಳ ಮೆತ್ತನೆ ಗೊಂಬೆಗಳನ್ನು ಮರೆಯಬೇಡಿ, ಅವೂ ಪುಟ್ಟ ದಿಂಬುಗಳೇ ಅಲ್ವಾ. ಬಿಸಿನೀರಿಗೆ ಹಾಕಲಾಗದ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ಇಡೀ ದಿನ ಫ್ರೀಜರಿನಲ್ಲಿಡಿ, ನುಸಿ ಸಾಯುತ್ತದೆ. ಆಮೇಲೆ ತಣ್ಣೀರಿನಲ್ಲಿ ತೊಳೆದು ಒಣಗಿಸಿ. ಫ್ರೀಜರಿನಿಂದ ತೆಗೆದು ನೇರ ಮಗುವಿನ ಕೈಗೆ ಕೊಟ್ಟರೆ ಸತ್ತ ನುಸಿ, ಹಿಕ್ಕೆ ಎಲ್ಲ ಹಾಗೇ ಇರುತ್ತದೆ.

ಹಂತ 3: ಮೇಲಿಂದ ಕೆಳಕ್ಕೆ

ಯಾವ ಕೋಣೆಯಾದರೂ ಕ್ರಮ ಒಂದೇ. ಮೇಲಿಂದ ಕೆಳಗೆ, ಬಾಗಿಲಿಂದ ದೂರದ ಮೂಲೆಯಿಂದ ಬಾಗಿಲ ಕಡೆಗೆ. ನೆಲ ಕೊನೆಗೆ. ನೆಲ ಒರೆಸಿ ಆಮೇಲೆ ಫ್ಯಾನ್ ನೆನಪಾದರೆ ಎರಡೆರಡು ಕೆಲಸ.

ಸೂರಿನ ಮೂಲೆಯ ಜೇಡರ ಬಲೆಗೆ, ಮಾಪ್ ಕೋಲಿನ ತುದಿಗೆ ಒದ್ದೆ ಮೈಕ್ರೋಫೈಬರ್ ಬಟ್ಟೆ ಸುತ್ತಿ, ಬಲೆಯನ್ನು ಸುತ್ತಿಕೊಂಡು ತೆಗೆಯಿರಿ. ಹೊಡೆದು ಬೀಳಿಸಬೇಡಿ.

ಫ್ಯಾನ್: ಸ್ವಿಚ್ ಆಫ್ ಮಾಡಿ, ಗಟ್ಟಿಯಾದ ಏಣಿ ಇಟ್ಟುಕೊಳ್ಳಿ, ಅಲ್ಲಾಡುವ ಸ್ಟೂಲ್ ಬೇಡ. ಹಳೇ ದಿಂಬಿನ ಕವರಿನ ಒಳಭಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ. ಒಂದು ರೆಕ್ಕೆಯನ್ನು ಪೂರ್ತಿ ಕವರಿನೊಳಗೆ ತೂರಿಸಿ, ಬುಡದ ಹತ್ತಿರ ಎರಡೂ ಕೈಯಲ್ಲಿ ಮೇಲಿಂದ ಕೆಳಗಿಂದ ಒತ್ತಿ ಹಿಡಿದು, ನಿಧಾನವಾಗಿ ತುದಿಯ ಕಡೆಗೆ ಎಳೆಯಿರಿ. ರೆಕ್ಕೆಯ ಮೇಲೆ ಕೂತ ದಪ್ಪ ಪದರ ಸುರುಳಿ ಸುರುಳಿಯಾಗಿ ಕವರಿನೊಳಗೇ ಬೀಳುತ್ತದೆ, ಒಂದು ಚೂರೂ ಮುಖದ ಮೇಲೆ ಉದುರುವುದಿಲ್ಲ. ರೆಕ್ಕೆಯ ಮುಂದಿನ ಅಂಚಿನಲ್ಲಿ ಜಿಡ್ಡು ಹಿಡಿದ ಕಪ್ಪು ಗೆರೆ ಉಳಿದಿರುತ್ತದೆ, ಅದಕ್ಕೆ ಸೋಪಿನ ಬಟ್ಟೆಯೇ ಬೇಕು. ಎಲ್ಲ ರೆಕ್ಕೆ ಆದ ಮೇಲೆ ಕವರನ್ನು ಒಳಹೊರಗೆ ಮಾಡದೆ ಹೊರಗೆ ಒಯ್ದು ಕಸದ ಚೀಲಕ್ಕೆ ಸುರಿಯಿರಿ.

ಆಮೇಲೆ ಟ್ಯೂಬ್‌ಲೈಟಿನ ಮೇಲ್ಭಾಗ, ಬೀರುವಿನ ತಲೆ, ಬಾಗಿಲಿನ ಚೌಕಟ್ಟಿನ ಮೇಲಂಚು, ಫೋಟೋ ಫ್ರೇಮಿನ ಮೇಲಂಚು, ಕರ್ಟನ್ ರಾಡ್. ಇವೆಲ್ಲ ನಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿರುವುದರಿಂದ ಯಾವಾಗಲೂ ತಪ್ಪಿಸಿಕೊಳ್ಳುತ್ತವೆ. ಬಟ್ಟೆ ಒದ್ದೆ ಇರಲಿ, ಆದರೆ ತೊಟ್ಟಿಕ್ಕಬಾರದು, ಹಿಂಡಿ ಹಿಂಡಿ ಒರೆಸಿ. ಒಂದು ಬಕೆಟ್ ಸೋಪಿನ ನೀರಿಗೆ, ಇನ್ನೊಂದು ಕೊಳಕು ಬಟ್ಟೆ ಜಾಲಿಸುವುದಕ್ಕೆ. ಒಂದೇ ಬಕೆಟ್ಟಿನಲ್ಲಿ ಎರಡೂ ಮಾಡಿದರೆ ಕೊನೆಗೆ ಕೆಸರನ್ನೇ ಗೋಡೆಗೆ ಬಳಿಯುತ್ತಿರುತ್ತೀರಿ.

ಟಿವಿ, ಕಂಪ್ಯೂಟರ್ ಹಿಂದಿನ ವೈರ್ ಗೊಂಚಲಿನಲ್ಲಿ ಧೂಳಿನ ಕಂಬಳಿಯೇ ಇರುತ್ತದೆ. ಪ್ಲಗ್ ತೆಗೆದು, ವೈರ್‌ಗಳನ್ನು ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಲ್ಲಿ ಒಂದೊಂದಾಗಿ ಎಳೆದು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಹಾಕಿ. ಸ್ವಿಚ್ ಬೋರ್ಡಿಗೆ ನೇರ ನೀರು ಸ್ಪ್ರೇ ಮಾಡುವ ಸಾಹಸ ಬೇಡ.

ಕಿಟಕಿಯ ಮೆಶ್ ಬಿಚ್ಚಲು ಬಂದರೆ ಬಿಚ್ಚಿ, ಹೊರಗೆ ಸೋಪು ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಪರಾಗ ಜಾಸ್ತಿ ಸಿಕ್ಕಿಕೊಳ್ಳುವುದು ಅಲ್ಲೇ. ಜಾರುವ ಕಿಟಕಿಯ ಹಳಿಯಲ್ಲಿ ಕೂತ ಮಣ್ಣಿಗೆ ಹಳೇ ಹಲ್ಲುಜ್ಜುವ ಬ್ರಷ್‌ಗಿಂತ ಒಳ್ಳೆ ಸಾಧನ ಇಲ್ಲ.

ಹಂತ 4: ಕರ್ಟನ್, ಸೋಫಾ, ಕಾರ್ಪೆಟ್

ಕರ್ಟನ್ ಒಗೆಯಿರಿ, ಮುಗಿಯಿತು. ತುಂಬ ದಪ್ಪ, ಒಗೆಯಲಾಗದ ಕರ್ಟನ್ ಇದ್ದರೆ ಮಲಗುವ ಕೋಣೆಯಲ್ಲಾದರೂ ತೆಳು ಹತ್ತಿಯದ್ದಕ್ಕೆ ಬದಲಿಸಿ.

ಸೋಫಾದ ಮೆತ್ತೆ ತೆಗೆದು ಕೆಳಗಿನ ಸಂದಿ, ಮೂಲೆ ಎಲ್ಲ ವ್ಯಾಕ್ಯೂಮ್ ಮಾಡಿ. ಕವರ್ ಬಿಚ್ಚಲು ಬಂದರೆ ಒಗೆಯಿರಿ. ಸೋಫಾ ಹಳೆಯದಾಗಿ ಬದಲಿಸುವ ಯೋಚನೆ ಹೇಗೂ ಇದ್ದರೆ ಮರದ್ದೋ ಚರ್ಮದ್ದೋ ನೋಡಿ, ಒರೆಸಿದರೆ ಸಾಕು.

ಕಾರ್ಪೆಟ್ ಬಗ್ಗೆ ನನ್ನ ಅಭಿಪ್ರಾಯ ನೇರ: ಮನೆಯಲ್ಲಿ ಅಲರ್ಜಿಯೋ ಅಸ್ತಮಾವೋ ಇರುವವರು ಇದ್ದರೆ ಮಲಗುವ ಕೋಣೆಯಲ್ಲಿ ಕಾರ್ಪೆಟ್ ಬೇಡವೇ ಬೇಡ. ಎಷ್ಟು ವ್ಯಾಕ್ಯೂಮ್ ಮಾಡಿದರೂ ಬುಡದಲ್ಲಿ ಉಳಿಯುತ್ತದೆ, ನಡೆದಾಗಲೆಲ್ಲ ಸ್ವಲ್ಪ ಸ್ವಲ್ಪ ಮೇಲೇಳುತ್ತದೆ. ತೆಗೆಯಲು ಆಗುವುದಿಲ್ಲ, ಬಾಡಿಗೆ ಮನೆ ಅಂದರೆ ವಾರಕ್ಕೊಮ್ಮೆ ಹೆಪಾ ವ್ಯಾಕ್ಯೂಮ್ ಮಾಡಿ. ಸ್ಟೀಮ್ ಕ್ಲೀನಿಂಗ್ ಮಾಡಿಸಿದರೆ ನುಸಿ ಸಾಯುತ್ತದೆ, ಆದರೆ ಅದೇ ದಿನ ಫ್ಯಾನ್ ಹಾಕಿ, ಕಿಟಕಿ ತೆಗೆದು ಬುಡದ ತನಕ ಒಣಗಿಸಬೇಕು. ಒದ್ದೆ ಉಳಿದರೆ ಉಳಿದ ನುಸಿಗೂ ಬೂಷ್ಟಿಗೂ ನೀವೇ ಅನುಕೂಲ ಮಾಡಿಕೊಟ್ಟ ಹಾಗೆ.

ಹಂತ 5: ನೆಲ

ಮೇಲಿನ ಕೆಲಸ ಮುಗಿದ ತಕ್ಷಣ ನೆಲಕ್ಕೆ ಇಳಿಯಬೇಡಿ. ಬಾಗಿಲು ಎಳೆದುಕೊಂಡು ಅರ್ಧ ಗಂಟೆ ಕಾಫಿಯೋ ಟೀಯೋ ಕುಡಿದು ಬನ್ನಿ. ನುಸಿಯ ಹಿಕ್ಕೆಯ ಕಣ ಭಾರ, 20 ನಿಮಿಷ, ಅರ್ಧ ಗಂಟೆಯಲ್ಲಿ ನೆಲಕ್ಕೆ ಕೂರುತ್ತದೆ. ಕೂತ ಮೇಲೆ ಒದ್ದೆ ಮಾಪ್ ಹಾಕಿದರೆ ಅದೂ ಸಿಗುತ್ತದೆ. ಬೆಕ್ಕಿನ ಕಣ ಮಾತ್ರ ಹಾಗಲ್ಲ, ಅದು ತುಂಬ ಸಣ್ಣದು, ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ.

ಮೊದಲು ವ್ಯಾಕ್ಯೂಮ್, ಅದಿಲ್ಲದಿದ್ದರೆ ಒದ್ದೆ ಮೈಕ್ರೋಫೈಬರ್ ಮಾಪ್‌ನಲ್ಲಿ ಕಸ ಕೂಡಿಸಿ, ಆಮೇಲೆ ಸೋಪು ನೀರಿನಲ್ಲಿ ಒರೆಸಿ. ಗುಡಿಸಲೇಬೇಕು ಅಂದರೆ ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ, ಪೊರಕೆಯನ್ನು ಬೀಸದೆ ನೆಲಕ್ಕೆ ಒತ್ತಿ ಎಳೆಯಿರಿ. ಮಂಚ, ಬೀರು ಸರಿಸಿ ಒರೆಸುವುದು ವರ್ಷಕ್ಕೊಮ್ಮೆಯಾದರೂ ಆಗಲಿ. ಮುಗಿದ ಮೇಲೆ ಲೈಟ್ ಆರಿಸಿ ಟಾರ್ಚನ್ನು ನೆಲದ ಮೇಲೆ ಅಡ್ಡಲಾಗಿ ಇಟ್ಟು ನೋಡಿ, ಬಿಟ್ಟುಹೋದ ಜಾಗ ತಾನಾಗಿಯೇ ಕಾಣುತ್ತದೆ. (ಸ್ವಲ್ಪ ಹೊಟ್ಟೆ ಉರಿಯುತ್ತದೆ, ತಯಾರಾಗಿರಿ.)

ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಹಾಕಿ, ಚಪ್ಪಲಿ ಶೂ ಹೊರಗೇ ಬಿಡಿ. ನೆಲದ ಧೂಳಿನಲ್ಲಿ ದೊಡ್ಡ ಭಾಗ ಕಾಲಲ್ಲೇ ಒಳಬರುತ್ತದೆ. ಒಳಗಿನ ಕಾಲೊರಸು ಒಗೆಯಲು ಬರುವಂಥದ್ದಿರಲಿ.

ಹಂತ 6: ಬಾತ್‌ರೂಮು ಮತ್ತು ಬೂಷ್ಟು

ಬೂಷ್ಟು ಒರೆಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಪೈಪ್ ಸೋರಿಕೆಯೋ, ಮೇಲಿನ ಮನೆಯ ಬಾತ್‌ರೂಮೋ, ಗೋಡೆಯ ಬಿರುಕೋ. ಅದನ್ನು ಸರಿ ಮಾಡಿಸದೆ ಎಷ್ಟು ತಿಕ್ಕಿದರೂ ಮತ್ತೆ ಅದೇ ಜಾಗದಲ್ಲಿ ಕಪ್ಪು ಚುಕ್ಕಿ. ಅದರ ಮೇಲೆ ಪೇಂಟ್ ಬಳಿದರೆ ಪೇಂಟೇ ಸುಲಿದು ಬರುತ್ತದೆ.

ಟೈಲ್ಸ್, ಗಾಜು, ಲೋಹದಂಥ ಗಟ್ಟಿ ಮೇಲ್ಮೈಗೆ ಸೋಪು ನೀರು, ಗಡಸು ಬ್ರಷ್ ಸಾಕು. ತಿಕ್ಕಿ, ತೊಳೆದು, ಪೂರ್ತಿ ಒಣಗಿಸಿ. ಬೂಷ್ಟು ಒಳಗೆ ಇಳಿದಿರುವ ಮರದ ಹಲಗೆ, ನೆನೆದ ರಟ್ಟು, ಹಳೇ ಸ್ಪಂಜು ಇಂಥದ್ದನ್ನು ಎಸೆಯುವುದೇ ಲೇಸು. ಬೂಷ್ಟು ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ಜಾಸ್ತಿ ಹರಡಿದ್ದರೆ ನೀವೇ ಕೈಹಾಕುವುದು ಬೇಡ, ಗೊತ್ತಿರುವವರನ್ನು ಕರೆಸಿ.

ಇಲ್ಲೊಂದು ಗಂಭೀರ ಮಾತು. ಬ್ಲೀಚನ್ನು ಟಾಯ್ಲೆಟ್ ಕ್ಲೀನರ್ ಆ್ಯಸಿಡ್ ಜೊತೆಗೋ, ವಿನೆಗರ್ ಜೊತೆಗೋ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ಅಮೋನಿಯಾ ಇರುವ ಗಾಜು ಕ್ಲೀನರ್ ಜೊತೆ ಸೇರಿಸಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ವಿಷ. ಎರಡು ಸೇರಿಸಿದರೆ ಡಬಲ್ ಪವರ್ ಅಂದುಕೊಂಡು ಬಾಗಿಲು ಹಾಕಿಕೊಂಡು ತಿಕ್ಕುವವರು ಇದ್ದಾರೆ, ಅದಕ್ಕೇ ಹೇಳುತ್ತಿರುವುದು.

ಸ್ನಾನ ಆದ ಮೇಲೆ ಎಕ್ಸಾಸ್ಟ್ ಫ್ಯಾನ್ 20-30 ನಿಮಿಷ ಓಡಲಿ. ಒದ್ದೆ ಟವೆಲ್ ಮುದ್ದೆ ಮಾಡಿ ಬಿಡಬೇಡಿ. ಎಲ್ಲಾದರೂ ನೀರು ಚೆಲ್ಲಿ ಬಟ್ಟೆ, ಹಾಸಿಗೆ ನೆನೆದರೆ 24ರಿಂದ 48 ಗಂಟೆಯೊಳಗೆ ಒಣಗಿಸಿಬಿಡಿ, ಅಷ್ಟರೊಳಗಾದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ.

ಹಂತ 7: ಅಡುಗೆಮನೆ

ಇಲ್ಲಿ ಹುಡುಕಬೇಕಾದದ್ದು ಜಿರಲೆ. ಸಿಂಕಿನ ಕೆಳಗೆ, ಫ್ರಿಜ್ ಹಿಂದೆ, ಗ್ಯಾಸ್ ಒಲೆಯ ಕೆಳಗೆ ಕಾಳುಮೆಣಸಿನ ಪುಡಿಯಂಥ ಚುಕ್ಕಿ ಕಂಡರೆ ಅದು ಹಿಕ್ಕೆ. ಒಣಗಿದ್ದನ್ನು ಗುಡಿಸದೆ ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆಮೇಲೆ ಜಿರಲೆಗೆ ಜೆಲ್ ಥರದ ಬೇಟ್ (ವಿಷ ಬೆರೆಸಿದ ತಿನಿಸು) ಇಡಿ. ಸ್ಪ್ರೇ ಹೊಡೆದರೆ ಉಬ್ಬಸ ಇರುವವರಿಗೆ ಆ ವಾಸನೆಯೇ ಮತ್ತೊಂದು ಕಷ್ಟ. ಬೇಟ್ ಇಟ್ಟ ಜಾಗ ಮಕ್ಕಳಿಗೆ, ಸಾಕುಪ್ರಾಣಿಗೆ ಸಿಗಬಾರದು. ರಾತ್ರಿ ಪಾತ್ರೆ ಬಿಡಬೇಡಿ, ಕಸ ಮುಚ್ಚಿಡಿ, ತೊಟ್ಟಿಕ್ಕುವ ನಲ್ಲಿ ಸರಿ ಮಾಡಿಸಿ. ಅನ್ನಾಹಾರ ಇಲ್ಲದಿದ್ದರೂ ಜಿರಲೆ ಸುಮಾರು ದಿನ ತಡೆಯುತ್ತದೆ, ನೀರಿಲ್ಲದೆ ಅಷ್ಟು ತಡೆಯುವುದಿಲ್ಲ.

ಹಂತ 8: ಗಾಳಿ ಮತ್ತು ತೇವ

ಎಸಿ ಇದ್ದರೆ ಮುಂದಿನ ಮುಚ್ಚಳ ತೆಗೆದು ಜಾಳಿಗೆಯಂಥ ಫಿಲ್ಟರ್ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ದಿನಾ ಓಡಿಸುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಇದನ್ನು ಮಾಡಿ. ಕೂಲರ್ ಬಳಸುವವರು ತೇವದ ಬಗ್ಗೆ ಜಾಸ್ತಿ ಎಚ್ಚರ ಇರಬೇಕು, ಅದು ಕೋಣೆಗೆ ನೀರಿನ ಆವಿಯನ್ನೇ ಊದುತ್ತದೆ.

ಹೈಗ್ರೋಮೀಟರ್ ಅಂತ ತೇವಾಂಶ ತೋರಿಸುವ ಪುಟ್ಟ ಸಾಧನ ಒಂದಿದ್ದರೆ ಒಳ್ಳೆಯದು. 30ರಿಂದ 50 ಪರ್ಸೆಂಟ್ ಒಳಗೆ ಇದ್ದರೆ ಸರಿ. ಜಾಸ್ತಿ ಇದ್ದರೆ ಎಸಿ ಅಥವಾ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಹಾಕಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕುವುದನ್ನು ಬಿಟ್ಟರೇ ಎಷ್ಟೋ ಇಳಿಯುತ್ತದೆ. ಇನ್ನು ಪರಾಗದ ಅಲರ್ಜಿ ಇದ್ದರೆ ಆ ಕಾಲದಲ್ಲಿ ಬೆಡ್‌ಶೀಟನ್ನು ಹೊರಗೆ ಒಣಹಾಕಬೇಡಿ, ಗಾಳಿ ಜೋರಾಗಿರುವ ಒಣ ದಿನ ಕಿಟಕಿ ಮುಚ್ಚಿಡಿ. ಎರಡೂ ಸಲಹೆ ಒಂದಕ್ಕೊಂದು ಎದುರು ಅಲ್ವಾ ಅಂತ ಕೇಳಬಹುದು. ಹೌದು. ನಿಮಗೆ ಯಾವುದು ಜಾಸ್ತಿ ಕಾಟ ಕೊಡುತ್ತದೋ ಅದರ ಮಾತು ಕೇಳಿ.

ಗಾಳಿ ಶುದ್ಧಿ ಮಾಡುವ ಪ್ಯೂರಿಫೈಯರ್ ಕೊಳ್ಳುವುದಾದರೆ ಸಿಎಡಿಆರ್ ಅನ್ನುವ ಸಂಖ್ಯೆ ನೋಡಿ, ಅಂದರೆ ಯಂತ್ರ ನಿಮಿಷಕ್ಕೆ ಎಷ್ಟು ಘನ ಅಡಿ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ. ಮಾಮೂಲಿ ಎತ್ತರದ ಕೋಣೆಗೆ, ಚದರ ಅಡಿ ಲೆಕ್ಕದಲ್ಲಿ ಎಷ್ಟು ವಿಸ್ತೀರ್ಣವೋ ಅದರ ಮೂರನೇ ಎರಡು ಭಾಗದಷ್ಟಾದರೂ ಇರಲಿ. 150 ಚದರ ಅಡಿಯ ಕೋಣೆಗೆ ನಿಮಿಷಕ್ಕೆ 100 ಘನ ಅಡಿ, ಅಂದರೆ ಗಂಟೆಗೆ ಸುಮಾರು 170 ಘನ ಮೀಟರ್. ಓಜೋನ್ ಬಿಡುವ ಯಂತ್ರ ಬೇಡ, ಅದು ಶ್ವಾಸನಾಳಕ್ಕೆ ಕೆಟ್ಟದ್ದು. ಒಳ್ಳೆ ಪ್ಯೂರಿಫೈಯರ್ ಕೂಡ ತೇಲುವ ಕಣವನ್ನಷ್ಟೇ ಹಿಡಿಯುತ್ತದೆ, ಹಾಸಿಗೆಯೊಳಗೆ ಕೂತದ್ದನ್ನಲ್ಲ. ಹಾಗಾಗಿ ಸಾಕುಪ್ರಾಣಿ, ಪರಾಗದ ತೊಂದರೆಗೆ ಇದು ಜಾಸ್ತಿ ಉಪಯೋಗ, ನುಸಿಗೆ ಕಡಿಮೆ.

ಎಲ್ಲ ಮುಗಿದ ಮೇಲೆ ಘಮಘಮ ಅನ್ನಲಿ ಅಂತ ರೂಮ್ ಸ್ಪ್ರೇ ಹೊಡೆಯುವ ಆಸೆ ಆಗುತ್ತದೆ. ಬೇಡ. ಕ್ಲೀನ್ ಆದ ಮನೆಗೆ ವಾಸನೆಯೇ ಇರುವುದಿಲ್ಲ.

ಬೆಕ್ಕು, ನಾಯಿ ಇದ್ದರೆ

ಸಾಕಿದ ಪ್ರಾಣಿಯನ್ನು ಬಿಟ್ಟುಬಿಡಿ ಅಂತ ಹೇಳುವುದು ಸುಲಭ, ಮಾಡುವುದು ಕಷ್ಟ. ಕೊಟ್ಟುಬಿಟ್ಟರೂ ಬೆಕ್ಕಿನ ಅಲರ್ಜಿಯ ಕಣ ಮನೆಯಲ್ಲಿ ನಾಲ್ಕಾರು ತಿಂಗಳು ಉಳಿಯುತ್ತದೆ, ಗೋಡೆಗೂ ಅಂಟಿಕೊಂಡಿರುತ್ತದೆ. ಇಟ್ಟುಕೊಳ್ಳುವುದೇ ಆದರೆ ಮಲಗುವ ಕೋಣೆಗೆ ಪ್ರವೇಶ ಇಲ್ಲ ಅಂತ ಒಂದು ನಿಯಮ ಮಾಡಿ, ರಾತ್ರಿ ಬಾಗಿಲ ಹೊರಗೆ ಎಷ್ಟು ಗೋಗರೆದರೂ ಮುರಿಯಬೇಡಿ. ಅದರ ಹಾಸಿಗೆ ವಾರಕ್ಕೊಮ್ಮೆ ಒಗೆಯಿರಿ, ಮೈ ಬಾಚುವ ಕೆಲಸ ಅಲರ್ಜಿ ಇಲ್ಲದವರು ಮನೆ ಹೊರಗೆ ಮಾಡಲಿ. ಈ ಮನೆಗಳಲ್ಲಿ ಗೋಡೆಯನ್ನೂ ಒರೆಸಬೇಕು.

ಇದಾದ ಮೇಲೆ

ವಾರಕ್ಕೊಮ್ಮೆ ಬೆಡ್‌ಶೀಟ್, ದಿಂಬಿನ ಕವರ್ ಬಿಸಿನೀರಿನಲ್ಲಿ, ನೆಲ ಒಂದೆರಡು ಸಲ ಒದ್ದೆ ಮಾಪ್, ಕಣ್ಣಿಗೆ ಬೀಳುವ ಮೇಲ್ಮೈಗೆ ಒದ್ದೆ ಬಟ್ಟೆ. ತಿಂಗಳಿಗೊಮ್ಮೆ ಫ್ಯಾನ್ ಮೇಲೆ ಒಂದು ಕಣ್ಣು, ಎಸಿ ದಿನಾ ಓಡುತ್ತಿದ್ದರೆ ಅದರ ಫಿಲ್ಟರ್ ಎರಡು ವಾರಕ್ಕೊಮ್ಮೆ. ಕರ್ಟನ್, ಹಾಸಿಗೆಯ ಹೊಲಿಗೆ ಎರಡು ಮೂರು ತಿಂಗಳಿಗೊಮ್ಮೆ. ಉಳಿದದ್ದು ಮುಂದಿನ ವರ್ಷ.

ಒಂದೇ ವಾರದಲ್ಲಿ ಫಲ ಹುಡುಕಬೇಡಿ. ಕವರ್ ಹಾಕಿ, ತೇವ ಇಳಿಸಿ, ವಾರ ವಾರ ಒಗೆಯುತ್ತ ಬಂದರೆ ನಿಧಾನವಾಗಿ ಕಡಿಮೆಯಾಗುತ್ತದೆ. ತಿಂಗಳುಗಳೇ ಕಳೆದರೂ ಸೀನು, ಉಬ್ಬಸ ಹಾಗೇ ಇದ್ದರೆ ನೀವು ತಪ್ಪು ಶತ್ರುವಿನ ಹಿಂದೆ ಬಿದ್ದಿರಬಹುದು. ಅಲರ್ಜಿ ಡಾಕ್ಟರ ಹತ್ತಿರ ಹೋಗಿ ಸ್ಕಿನ್ ಪ್ರಿಕ್ ಟೆಸ್ಟ್ ಬಗ್ಗೆ ಕೇಳಿ. ಚರ್ಮದ ಮೇಲೆ ಒಂದೊಂದು ಹನಿ ಹಾಕಿ ಚುಚ್ಚಿ, ಸುಮಾರು 15-20 ನಿಮಿಷದಲ್ಲಿ ಯಾವುದಕ್ಕೆ ದದ್ದು ಏಳುತ್ತದೆ ಅಂತ ನೋಡುತ್ತಾರೆ. ಸೀನಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿ, ಆ ಟೆಸ್ಟಿಗೆ ಕೆಲವು ದಿನ ಮೊದಲು ಅದನ್ನು ನಿಲ್ಲಿಸಬೇಕಾಗುತ್ತದೆ. ನಿಲ್ಲಿಸಲು ಆಗದವರಿಗೆ ರಕ್ತ ಪರೀಕ್ಷೆಯೂ ಇದೆ.